ನೀರಿಗೂ ಒಂದು ಕಿರ್ದಿ ಬೇಕು



ಅಂಗಡಿಕಾರರು ಕಿರ್ದಿ ಬರೆದು ಶಿಲ್ಕು ತೆಗೆಯದೆ ಮಲಗುವುದಿಲ್ಲ. ರೈತರೂ ಬೀಜ-ಗೊಬ್ಬರದ ಲೆಕ್ಕವನ್ನಾದರೂ ಇಡುತ್ತಾರೆ. ಆದರೆ ಎಲ್ಲಕ್ಕೂ ಮೂಲ ಬಂಡವಾಳವಾದ ನೀರಿನ ಲೆಕ್ಕ ಯಾರ ವಹಿಯಲ್ಲೂ ಕಾಣುವುದಿಲ್ಲ. ಈ ಸಲದ ಪಾಠ ಅದರದೇ.

ಮೊದಲು ಜಮೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. 500 ಮಿ.ಮೀ. ಆದರೆ 20 ಲಕ್ಷ ಲೀಟರ್. ಜತ್ತ, ಸೋಲಾಪುರ ಕಡೆಯ ಸಾಧಾರಣ ವರ್ಷದ ಮಳೆ ಇದರ ಆಸುಪಾಸಿನದೇ. ಅದರಲ್ಲಿಯೂ ಬಹುಪಾಲು ಬಿಸಿಲಿಗೆ ಆರಿ, ಹಳ್ಳಕ್ಕೆ ಹರಿದು ಹೋಗುತ್ತದೆ. ಇನ್ನು ಖರ್ಚು. ಜೋಳಕ್ಕೆ 450ರಿಂದ 650 ಮಿ.ಮೀ. ಸಾಕು. ಕಬ್ಬು ಕೇಳುವುದು 1,500ರಿಂದ 2,500. ಅಂದರೆ ಒಂದು ಎಕರೆ ಕಬ್ಬು, ಕನಿಷ್ಠ ಮೂರು ಎಕರೆಯ ಮೇಲೆ ಬಿದ್ದ ಮಳೆಯನ್ನು ಕುಡಿಯುತ್ತದೆ. ಉಳಿದ ಎರಡು ಎಕರೆ ಯಾರದು? ಭೂಮಿಯ ಒಳಗೆ ಬದು ಇಲ್ಲವಾದ್ದರಿಂದ ಬಹಳ ಸಲ ನೆರೆಯವನದೇ.

ಹಾಗೆಂದು ಕಬ್ಬು ಹಾಕಿದವನು ದಡ್ಡನಲ್ಲ. ಸರಕಾರದ ಧೋರಣೆಯೇ ಅವನನ್ನು ಅತ್ತ ದೂಡಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರಖಾನೆಯವರು ನಿಗದಿತ ದರವನ್ನು 14 ದಿನದೊಳಗೆ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. (ಬಡ್ಡಿ ಕೇಳಿ ಪಡೆದವರು ಎಷ್ಟು ಜನ, ನೀವೇ ಹೇಳಿ!) ಜೋಳಕ್ಕೂ ಬೆಂಬಲ ಬೆಲೆ ಘೋಷಣೆಯಾಗುತ್ತದೆ, ಆದರೆ ಅಡತಿಯಲ್ಲಿ ಆ ದರ ಕೊಡಲೇಬೇಕೆಂಬ ಕಾನೂನಿಲ್ಲ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ದೊರೆತದ್ದು ಸಂತೋಷವೇ, ಅದೂ ದರದ ಭರವಸೆಯಲ್ಲ. ಮೇಲಾಗಿ ಮಹಾರಾಷ್ಟ್ರ ಸರಕಾರ 2024ರಲ್ಲಿ 7.5 ಅಶ್ವಶಕ್ತಿವರೆಗಿನ ಕೃಷಿ ಪಂಪುಗಳಿಗೆ ಉಚಿತ ವಿದ್ಯುತ್ ಘೋಷಿಸಿತು. ಬಿಲ್ಲು ಇಲ್ಲದ ಮೇಲೆ ಪಂಪು ನಿಲ್ಲಿಸುವ ಮನಸ್ಸು ಯಾರಿಗೆ ಬರುತ್ತದೆ? ಆ ಬಿಲ್ಲು ಮುಂದೆ ಹೊಸ ಬೋರಿನ ಸಾಲವಾಗಿ ಮನೆಗೆ ಬರುತ್ತದೆ. ಡ್ರಿಪ್ ಹಾಕಿಸಿದರೆ ನೀರು ಉಳಿಯುವುದು ನಿಜ. ಉಳಿದ ನೀರಿಗೆ ಇನ್ನೊಂದು ಎಕರೆ ಕಬ್ಬು ಹಚ್ಚಿದರೆ ಉಳಿತಾಯ ಸೊನ್ನೆ.

ಲೆಕ್ಕ ಇಟ್ಟ ಊರೊಂದಿದೆ. ಅಹಮದನಗರ (2024ರಿಂದ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಾಜಾರ್. ಅಲ್ಲಿಯ ಮಳೆ ನಮಗಿಂತ ಹೆಚ್ಚೇನಲ್ಲ, 1972ರ ಬರದ ನಂತರ ಜನ ಊರು ಬಿಟ್ಟಿದ್ದರು. 1989ರ ಸುಮಾರಿಗೆ ಸರಪಂಚರಾದ ಪೋಪಟರಾವ್ ಪವಾರ್ ವಾಣಿಜ್ಯ ಓದಿದವರು. ಶ್ರಮದಾನದಿಂದ ಗುಡ್ಡಕ್ಕೆ ಸಮಪಾತಳಿ ಚರ, ಹಳ್ಳಕ್ಕೆ ಒಡ್ಡು ಆದವು. ಸೊನ್ನಲಿಗೆಯಲ್ಲಿ ಸಿದ್ಧರಾಮರು ಕೆರೆ ಕಟ್ಟಿದ್ದನ್ನು ಬಲ್ಲ ನಮಗೆ ಅದು ಹೊಸ ಮಾತಲ್ಲ. ಹೊಸದೆಂದರೆ ಗ್ರಾಮಸಭೆಯ ಕಟ್ಟುಪಾಡು: ಬೇಸಾಯಕ್ಕೆ ಬೋರ್ ಇಲ್ಲ, ಕಬ್ಬು-ಬಾಳೆ ಇಲ್ಲ. ಪ್ರತಿ ವರ್ಷ ಮಳೆ ಅಳೆದು, ಜನ-ದನಗಳ ಕುಡಿಯುವ ನೀರು ಮೊದಲು ತೆಗೆದಿಟ್ಟು, ಉಳಿದದ್ದಕ್ಕೆ ತಕ್ಕಂತೆ ಹಿಂಗಾರಿ ಬೆಳೆ. ಹೋದವರಲ್ಲಿ ಅನೇಕರು ಹಿಂದಿರುಗಿದರು.

ನಮ್ಮಲ್ಲಿ ಮಹಾನವಮಿಗೆ ಒಂದು ಸಲ, ಬಸವ ಜಯಂತಿಗೆ ಒಂದು ಸಲ, ಊರಿನ ಐದು ಬಾವಿಗಳಿಗೆ ಹಗ್ಗ ಇಳಿಸಿ ನೀರು ಎಷ್ಟು ಅಡಿಗಿದೆ ಎಂದು ಬರೆದಿಡಿ. ಮರು ಮಹಾನವಮಿಗೆ ನೀರು ಹಳೆಯ ಗುರುತಿಗೆ ಏರದಿದ್ದರೆ ಆ ವರ್ಷ ಹೊಸ ಕಬ್ಬು ನಾಟಿ ಬೇಡ. ಲೆಕ್ಕ ಹಾಕಲು ತೊಡಕಾದರೆ ಅಂಕಿಗಳನ್ನು ಮಠದ ಕಚೇರಿಗೆ ತನ್ನಿ, ಕೂತು ಹಾಕೋಣ.