ಚೀಟಿಯ ಮೇಲಿನ ಬಾಣ

ತಂಗಿ, ನಿನ್ನೆ ನೀನು ಪರ್ಸಿನಿಂದ ರಕ್ತಪರೀಕ್ಷೆಯ ಚೀಟಿ ತೆಗೆದು ತೋರಿಸಿದೆಯಲ್ಲ, ‘ಸಿಎ-125: 62’ ಅಂತ, ಪಕ್ಕದಲ್ಲೊಂದು ಮೇಲ್ಮುಖದ ಬಾಣ. ಅದನ್ನು ನೋಡಿಯೇ ನೀನು ಅರ್ಧ ಇಳಿದು ಹೋಗಿದ್ದೆ. ಚಿಕ್ಕೋಡಿಯಲ್ಲಿ ಮೂವತ್ತು ವರ್ಷ ಲ್ಯಾಬಿನಲ್ಲಿ ರಕ್ತ ತೆಗೆದ ಕೈ ನನ್ನದು. ಒಂದು ಮಾತು ಹೇಳುತ್ತೇನೆ, ಕೇಳು.

ಸಿಎ-125 ಒಂದು ಪ್ರೋಟೀನು. 1981ರಲ್ಲಿ ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಜೊತೆಗಾರರು ಅದನ್ನು ಗುರುತು ಹಿಡಿಯುವ ದಾರಿ ತೋರಿಸಿದರು. ಮಿಲಿಲೀಟರಿಗೆ 35 ಯೂನಿಟ್ ದಾಟಿತೋ, ಬಾಣ ಬಿತ್ತು. ಆದರೆ ಅಂಡಾಶಯದ ಕ್ಯಾನ್ಸರೊಂದಕ್ಕೇ ಅದು ಏರುವುದಿಲ್ಲ. ಮುಟ್ಟು, ಬಸಿರು, ಗರ್ಭಕೋಶದ ಗಂಟು, ಎಂಡೊಮೆಟ್ರಿಯೋಸಿಸ್, ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದ್ದು, ಎಲ್ಲಕ್ಕೂ ಏರುತ್ತದೆ. ಹೊಟ್ಟೆಯ ಟಿಬಿ ಇದ್ದರಂತೂ ನೂರಾರಕ್ಕೆ ಹೋಗುತ್ತದೆ; ಅದು ಔಷಧಕ್ಕೆ ಬಗ್ಗುವ ರೋಗ. ರಕ್ತ ಕೊಟ್ಟ ದಿನ ಮುಟ್ಟಾಗಿದ್ದೆ ಅಂದೆಯಲ್ಲ, ಅದನ್ನು ನಿನ್ನನ್ನು ಯಾರೂ ಕೇಳಲೇ ಇಲ್ಲ.

ಹಾಗಂತ 20 ಬಂದವಳು ನಿಶ್ಚಿಂತೆಯಾಗಿ ಮಲಗುವಂತಿಲ್ಲ. ಕ್ಯಾನ್ಸರ್ ಅಂಡಾಶಯದೊಳಗೇ ಇರುವ ಮೊದಲ ಹಂತದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ಅಂಕಿ ಏರುವುದೇ ಇಲ್ಲ.

ಅದಕ್ಕೇ ಡಾಕ್ಟರು ಮೂರನ್ನು ಗುಣಿಸಿ ನೋಡುವ ಒಂದು ಲೆಕ್ಕವಿದೆ: ರಕ್ತದ ಅಂಕಿ, ಸ್ಕ್ಯಾನಿನಲ್ಲಿ ಕಂಡ ಅನುಮಾನದ ಗುರುತು, ಮುಟ್ಟು ನಿಂತಿದೆಯೋ ಇಲ್ಲವೋ. ಮುಟ್ಟಾಗುವ ನಿನಗೆ ಸ್ಕ್ಯಾನಿನಲ್ಲಿ ಒಂದೇ ಗುರುತು ಸಿಕ್ಕರೆ 62 ಗುಣಿಸು 1 ಗುಣಿಸು 1, ಬರುವುದು 62. ಮುಟ್ಟು ನಿಂತ ನಿನ್ನ ಅತ್ತೆಗೆ ಎರಡು ಗುರುತು ಸಿಕ್ಕರೆ, ಗುರುತಿಗೆ 3, ಮುಟ್ಟು ನಿಂತಿದ್ದಕ್ಕೆ 3, ಅದೇ 62 ಗುಣಿಸು 3 ಗುಣಿಸು 3, ಬರುವುದು 558. ಸಾಮಾನ್ಯವಾಗಿ 200 ದಾಟಿದರೆ ಕ್ಯಾನ್ಸರ್ ತಜ್ಞರ ಬಳಿಗೆ ಕಳಿಸುತ್ತಾರೆ. ಎಚ್‌ಇ4 ಅನ್ನುವ ಇನ್ನೊಂದು ಪ್ರೋಟೀನು ಎಂಡೊಮೆಟ್ರಿಯೋಸಿಸ್‌ಗೆ ಅಷ್ಟಾಗಿ ಏರುವುದಿಲ್ಲ. ಆದರೆ ಕಿಡ್ನಿ ಸೋತವರಲ್ಲಿ ಅದೂ ದಾರಿ ತಪ್ಪಿಸುತ್ತದೆ.

ಏನೂ ತೊಂದರೆಯಿಲ್ಲದವರು ತಪಾಸಣೆ ಪ್ಯಾಕೇಜಿನ ಆಸೆಗೆ ಸಿಎ-125 ಪರೀಕ್ಷೆ ಮಾಡಿಸಬಾರದು. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದ ಪರೀಕ್ಷೆಯ ಕೊನೆಯ ಲೆಕ್ಕ 2021ರಲ್ಲಿ ಬಂತು. ಹೀಗೆ ಎಲ್ಲರನ್ನೂ ಜಾಲಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ಅವ್ವನಿಗೋ ಅಕ್ಕನಿಗೋ ಸ್ತನದ, ಅಂಡಾಶಯದ ಕ್ಯಾನ್ಸರ್ ಆಗಿದ್ದವರ ಮಾತು ಬೇರೆ. ಅವರು ಡಾಕ್ಟರಿಗೆ ಅದನ್ನು ಹೇಳಲೇಬೇಕು.

ಸಿಎ-125 ನಿಜವಾಗಿ ದುಡಿಯುವುದು ಚಿಕಿತ್ಸೆ ಶುರುವಾದ ಮೇಲೆ, ಅಂಕಿ ಇಳಿಯಿತೋ ಏರಿತೋ ನೋಡಲು. ಕಬ್ಬಿನ ಗಾಡಿಯನ್ನು ತುಂಬಿದಾಗ ತೂಗಿದ ಕಾಟಾದ ಮೇಲೆಯೇ ಖಾಲಿಯಾದಾಗಲೂ ತೂಗಿದರಲ್ಲವೇ ಲೆಕ್ಕ ಸರಿಹೋಗುವುದು? ಹಾಗೆಯೇ ಪ್ರತಿ ಸಲವೂ ಒಂದೇ ಲ್ಯಾಬು ಇರಲಿ.

ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವರು, ರಾಯಬಾಗ, ಅಥಣಿಯಲ್ಲಿ ಕಬ್ಬಿಗೆ ಹೋಗುವವರು ಹೊಟ್ಟೆ ಉಬ್ಬಿದರೆ ‘ಗ್ಯಾಸು’ ಅಂತ ಸೋಡಾ ಕುಡಿದು ಸುಮ್ಮನಾಗುತ್ತಾರೆ. ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗುವುದು ಹೊಸದಾಗಿ ಶುರುವಾಗಿ ಎರಡು ಮೂರು ವಾರ ಬಿಡದೆ ಕಾಡಿದರೆ ತೋರಿಸಲೇಬೇಕು. ತೋರಿಸಿಕೊಳ್ಳಲು ಕಾಗವಾಡದವರಿಗೆ ಮಿರಜ್ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಲಾಪುರ, ಇತ್ತ ಬೆಳಗಾವಿ, ಹುಬ್ಬಳ್ಳಿ ಇವೆ.

ನಾಳೆ ಸ್ಕ್ಯಾನಿಗೆ ನಾನೂ ಬರುತ್ತೇನೆ. ಆ ಚೀಟಿಯ ಮೂಲೆಯಲ್ಲಿ ನಿನ್ನ ಮುಟ್ಟಿನ ತಾರೀಖು ಬರೆದುಕೊಂಡು ಬಾ. ಡಾಕ್ಟರು ಬಾಣದ ಜೊತೆಗೆ ಅದನ್ನೂ ನೋಡಲಿ.