ಗಿರಾಕಿಗಳ ಪಟ್ಟಿಯನ್ನು ನಕ್ಷೆಯಾಗಿಸಲು ಯಾವ ಸಾಫ್ಟ್‌ವೇರ್?



ಸಂಘದ ಕಾಫಿ ಪುಡಿಯನ್ನು ಅಂಚೆ ಮತ್ತು ಕೊರಿಯರ್ ಮೂಲಕ ತರಿಸಿಕೊಳ್ಳುವ ಗಿರಾಕಿಗಳ ಹೆಸರು, ವಿಳಾಸ, ಕೊಂಡ ತೂಕ ಇವೆಲ್ಲ ಕಚೇರಿಯ ಎಕ್ಸೆಲ್ ಹಾಳೆಯಲ್ಲಿರುವುದು ತಮಗೆ ತಿಳಿದ ವಿಷಯ. ಇವರಲ್ಲಿ ಹೆಚ್ಚಿನವರು ಬೆಂಗಳೂರಿನವರು. ಅಲ್ಲಿ ಒಂದು ಮಾರಾಟ ಮಳಿಗೆ ತೆರೆಯುವುದಾದರೆ ಯಾವ ಬಡಾವಣೆಯಲ್ಲಿ ಎಂಬ ಪ್ರಶ್ನೆ ಆಡಳಿತ ಮಂಡಳಿಯ ಮುಂದೆ ಬಂದಾಗ, ಹಾಳೆಯನ್ನು ನಕ್ಷೆಯ ಮೇಲೆ ಇಳಿಸಿ ನೋಡೋಣವೆಂದು ಹೊರಟೆವು. ಆ ಕೆಲಸದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ. ಸ್ವಂತ ಹೆಸರಿನಲ್ಲಿ ಪುಡಿ, ಕಾಳುಮೆಣಸು, ಏಲಕ್ಕಿ ಮಾರುತ್ತಿರುವ ಸದಸ್ಯರಿಗೂ ಇದು ಪ್ರಯೋಜನಕ್ಕೆ ಬಂದೀತು.

ಎಡವಿದ್ದನ್ನೇ ಮೊದಲು ಹೇಳಿಬಿಡುತ್ತೇವೆ. ಹಾಳೆಯನ್ನು ಇದ್ದ ಹಾಗೆಯೇ ಒಂದು ನಕ್ಷೆ ಸಾಫ್ಟ್‌ವೇರಿಗೆ ಕೊಟ್ಟೆವು. ಗಿರಾಕಿಗಳು ದಟ್ಟವಾಗಿರುವಲ್ಲಿ ಕೆಂಪು, ವಿರಳವಾಗಿರುವಲ್ಲಿ ನೀಲಿ ತೋರಿಸುವ ನಕ್ಷೆ ಅದು. ಬೆಂಗಳೂರಿನ ನಡುಮಧ್ಯದಲ್ಲಿ ಕೆಂಡದಂತಹ ಒಂದು ಮಚ್ಚೆ ಮೂಡಿತು. ಮಳಿಗೆ ಅಲ್ಲೇ ಆಗಬೇಕೆಂದು ಎಲ್ಲರಿಗೂ ಅನ್ನಿಸಿ, ಬಾಡಿಗೆ ವಿಚಾರಿಸಲು ಒಬ್ಬರಿಗೆ ಹೇಳಿಯೂ ಆಯಿತು. ಆಮೇಲೆ ಮಚ್ಚೆಯನ್ನು ಹಿಗ್ಗಿಸಿ ನೋಡಿದರೆ ಅದು ಇದ್ದದ್ದು ಕಬ್ಬನ್ ಪಾರ್ಕಿನ ಮಗ್ಗುಲಲ್ಲಿ! ಪಾರ್ಕಿನ ಮರಗಳಂತೂ ನಮ್ಮ ಪುಡಿ ಕೊಳ್ಳುವುದಿಲ್ಲ. ಅನೇಕ ಗಿರಾಕಿಗಳ ವಿಳಾಸದ ಕಾಲಂನಲ್ಲಿ ಬರೀ ‘ಬೆಂಗಳೂರು’ ಎಂದಿತ್ತು. ಕೆಲವರ ಬಡಾವಣೆಯ ಹೆಸರಿನಲ್ಲಿ ಕಾಗುಣಿತ ತಪ್ಪಿತ್ತು. ವಿಳಾಸ ಪೂರ್ತಿ ಅರ್ಥವಾಗದಿದ್ದಾಗ ಇಂತಹ ಸಾಫ್ಟ್‌ವೇರ್ ಸುಮ್ಮನೆ ಬಿಡುವುದು ಕಡಮೆ. ಅರ್ಥವಾದಷ್ಟನ್ನು ಹಿಡಿದು ಊರಿನ ನಡುಬಿಂದುವಿನಲ್ಲಿ ಗುರುತು ನೆಟ್ಟುಬಿಡುತ್ತದೆ. ಬೆಂಗಳೂರಿನ ನಡುಬಿಂದುವೆಂದು ಸಾಮಾನ್ಯವಾಗಿ ಬಳಸುವ 12.97 ಅಕ್ಷಾಂಶ, 77.59 ರೇಖಾಂಶ ಬೀಳುವುದು ಅಲ್ಲಿಯೇ. ತಪ್ಪು ನಮ್ಮ ಹಾಳೆಯದು.

ಆದುದರಿಂದ, ಯಾವ ಸಾಫ್ಟ್‌ವೇರ್ ಎಂದು ಕೇಳುವ ಮುನ್ನ ಹಾಳೆಯಲ್ಲಿ ಸ್ಥಳ ತಿಳಿಸುವ ಕಾಲಂ ಎಂತಹದಿದೆ ಎಂದು ನೋಡಿಕೊಳ್ಳತಕ್ಕದ್ದು. ಪಟ್ಟಣದ ಗಿರಾಕಿಗಳಿಗೆ ನಮಗೆ ಕೈಹಿಡಿದದ್ದು ಪಿನ್ ಕೋಡ್. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಜಾರಿಗೆ ತಂದ ಈ ಆರು ಅಂಕಿಗಳನ್ನು ನಾವು ಲಕೋಟೆಯ ಮೂಲೆಯಲ್ಲಿ ಬರೆದು ಮರೆತುಬಿಡುತ್ತೇವೆ. ಮಲ್ಲೇಶ್ವರ 560003, ಬಸವನಗುಡಿ 560004, ಜಯನಗರ 560011 ಹಾಗೂ 560041. ಮಳಿಗೆಯ ಪ್ರಶ್ನೆಗೆ ಇಷ್ಟು ವಿವರ ಸಾಕು. ಹಳೆಯ ಕೊರಿಯರ್ ಚೀಟಿಗಳನ್ನು ತೆಗೆದು ನಮ್ಮ ಗುಮಾಸ್ತರು ಬಿಟ್ಟುಹೋದ ಪಿನ್ ಕೋಡುಗಳನ್ನು ತುಂಬಿಸಿದರು. ಬೇಸರದ ಕೆಲಸ, ಆದರೆ ನಕ್ಷೆ ನೆಟ್ಟಗಾದದ್ದು ಇದರಿಂದಲೇ.

ನಮ್ಮ ಮಲೆನಾಡಿನಲ್ಲಿ ಇದು ನಡೆಯದು. ಇಲ್ಲಿ ಒಂದು ಪಿನ್ ಕೋಡಿನೊಳಗೆ ಹಲವು ಗ್ರಾಮಗಳು, ಒಂದು ಗ್ರಾಮದೊಳಗೆ ಗುಡ್ಡಕ್ಕೊಂದು ಒಂಟಿಮನೆ. ಸದಸ್ಯರ ಮನೆಬಾಗಿಲಿನಿಂದ ಅಡಿಕೆ ತರಲು ಗಾಡಿಯ ದಾರಿ ಗೊತ್ತುಮಾಡುವುದಾದರೆ ಅಕ್ಷಾಂಶ, ರೇಖಾಂಶವೇ ಬೇಕು. ಕಣದಲ್ಲಿ ನಿಂತು ಮೊಬೈಲಿನ ಗೂಗಲ್ ನಕ್ಷೆಯಲ್ಲಿ ತಾವಿರುವ ಜಾಗವನ್ನು ಒತ್ತಿ ಹಿಡಿದರೆ ಎರಡು ಸಂಖ್ಯೆ ಕಾಣುತ್ತವೆ. ಮೊದಲಿನದು ಅಕ್ಷಾಂಶ, ನಮ್ಮ ಭಾಗದಲ್ಲಿ 13ರ ಆಸುಪಾಸು. ಎರಡನೆಯದು ರೇಖಾಂಶ, 75ರ ಆಸುಪಾಸು. ಇವನ್ನು ಅದಲು ಬದಲು ಬರೆದರೆ ತಮ್ಮ ತೋಟ ನಾರ್ವೆ ದೇಶದ ಉತ್ತರಕ್ಕೆ ಹಿಮಸಮುದ್ರದಲ್ಲಿ ಬೀಳುತ್ತದೆ! ದಶಮಾಂಶದ ನಂತರ ನಾಲ್ಕು ಅಂಕಿ ಬರೆದರೆ ಸುಮಾರು 11 ಮೀಟರಿನಷ್ಟು ನಿಖರತೆ. ಎರಡೇ ಅಂಕಿಗೆ ನಿಲ್ಲಿಸಿದರೆ ಸುಮಾರು ಒಂದು ಕಿಲೋಮೀಟರು, ಅಂದರೆ ಗಾಡಿ ಹೊಳೆಯ ಆಚೆ ದಡಕ್ಕೆ ಹೋದರೂ ಹೋದೀತು.

ಇನ್ನು ಸಾಫ್ಟ್‌ವೇರಿನ ವಿಚಾರ. ಕಂಪ್ಯೂಟರು ಬಲ್ಲ ಮಕ್ಕಳು ಮನೆಯಲ್ಲಿದ್ದರೆ ಗೂಗಲ್ ಮೈ ಮ್ಯಾಪ್ಸ್‌ನಿಂದ ಆರಂಭಿಸುವುದು ಸುಲಭ. ಹಣ ಕೊಡಬೇಕಾಗಿಲ್ಲ. ಹಾಳೆಯನ್ನು ಏರಿಸಿ, ಸ್ಥಳದ ಕಾಲಂ ಯಾವುದು, ಹೆಸರಿನ ಕಾಲಂ ಯಾವುದು ಎಂದು ತೋರಿಸಿದರೆ ಗುರುತುಗಳು ಬೀಳುತ್ತವೆ. ಒಂದು ಸಲಕ್ಕೆ 2,000 ಸಾಲುಗಳ ಮಿತಿಯಿದೆ. ಚಿಕ್ಕ ವ್ಯಾಪಾರಕ್ಕೆ ಧಾರಾಳವಾಯಿತು. ಆದರೆ ಒಂದೇ ಜಾಗದ ಮೇಲೆ ಹತ್ತು ಗುರುತು ಬಿದ್ದರೂ ಕಣ್ಣಿಗೆ ಕಾಣುವುದು ಒಂದೇ. ದಟ್ಟಣೆ ತಿಳಿಯಬೇಕಾದವರಿಗೆ ಇದು ಸಾಲದು.

ನಾವು ಕೊನೆಗೆ ನಿಂತದ್ದು ಕ್ಯೂಜಿಐಎಸ್ ಎಂಬುದರಲ್ಲಿ. 2002ರಲ್ಲಿ ಗ್ಯಾರಿ ಶರ್ಮನ್ ಎಂಬವರು ಆರಂಭಿಸಿ, ಈಗ ಅನೇಕ ದೇಶಗಳ ಸ್ವಯಂಸೇವಕರು ಬೆಳೆಸುತ್ತಿರುವ ಉಚಿತ ಸಾಫ್ಟ್‌ವೇರ್ ಇದು. ಕಚೇರಿಯ ಕಂಪ್ಯೂಟರಿನಲ್ಲೇ ಕುಳಿತಿರುತ್ತದೆ, ಹಾಳೆಯೂ ಅಲ್ಲೇ ಇರುತ್ತದೆ; ಹೊರಗೆ ಎಲ್ಲಿಗೂ ಕಳುಹಿಸಬೇಕಾಗಿಲ್ಲ. ಪಿನ್ ಕೋಡಿನ ಪ್ರಕಾರ ಕೂಡಿಸುವುದು, ದಟ್ಟಣೆಗೆ ತಕ್ಕಂತೆ ಬಣ್ಣ ಹಚ್ಚುವುದು, ತೋಟದ ಗಡಿ ಬರೆಯುವುದು ಎಲ್ಲ ಆಗುತ್ತದೆ. ಕಲಿಯಲು ತಾಳ್ಮೆ ಬೇಕು. ಮೊದಲ ವಾರ ನಾವೇ ಎರಡು ಸಲ ಮುಚ್ಚಿಟ್ಟು ಎದ್ದಿದ್ದುಂಟು.

ಗಡಿ ಬರೆಯುವುದೆಂದಾಗ ಒಂದು ಮಾತು. ಅರಣ್ಯನಾಶ ತಡೆಯುವ ಯುರೋಪ್ ಒಕ್ಕೂಟದ 2023ರ ಕಾಯಿದೆಯ ಪ್ರಕಾರ, ಅಲ್ಲಿಗೆ ಹೋಗುವ ಕಾಫಿ ಬೆಳೆದ ಜಮೀನಿನ ಸ್ಥಳವನ್ನು ಆರು ದಶಮಾಂಶ ಅಂಕಿಗಳವರೆಗೆ ತೋರಿಸಬೇಕು. ನಾಲ್ಕು ಹೆಕ್ಟೇರಿಗಿಂತ ದೊಡ್ಡ ಜಮೀನಿಗೆ ಗಡಿಯನ್ನೇ ಬರೆದು ಕೊಡಬೇಕು. ಜಾರಿಯ ದಿನಾಂಕ ಮುಂದೆ ಹೋಗಿದೆ ನಿಜ, ಆದರೂ ಈ ವಿದ್ಯೆ ಕಲಿತಿದ್ದರೆ ಆಗ ಪರದಾಡಬೇಕಾಗಿಲ್ಲ.

ಕನ್ನಡದಲ್ಲಿ ಹೆಸರು ಬರೆದಿಟ್ಟವರು ಎಕ್ಸೆಲ್ ಹಾಳೆಯನ್ನು ಸಿಎಸ್‌ವಿ ಆಗಿ ಉಳಿಸುವಾಗ ‘ಯುಟಿಎಫ್-8’ ಎಂದಿರುವುದನ್ನೇ ಆರಿಸಬೇಕು. ಇಲ್ಲವಾದರೆ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬರುತ್ತವೆ.

ಉಚಿತವೆಂದು ಹಾಳೆಯನ್ನೆಲ್ಲ ಬೇರೆಯವರ ಮನೆಯಲ್ಲಿಟ್ಟು ನಿಶ್ಚಿಂತೆಯಿಂದಿರಬಾರದು. ಇಂತಹುದೇ ಕೆಲಸಕ್ಕೆ 2009ರಲ್ಲಿ ಬಂದ ಗೂಗಲ್ ಫ್ಯೂಷನ್ ಟೇಬಲ್ಸ್ ಎಂಬ ಸೌಲಭ್ಯವು 2019ರ ಡಿಸೆಂಬರ್ 3ರಂದು ಮುಚ್ಚಿತು. ಮೂಲ ಹಾಳೆ ನಮ್ಮಲ್ಲಿದ್ದರೆ ನಕ್ಷೆ ಇನ್ನೊಂದು ಕಡೆ ಮಾಡಿಕೊಳ್ಳಬಹುದು. ಗಿರಾಕಿಯ ಮನೆ, ಫೋನ್ ನಂಬರು ತೋರಿಸುವ ನಕ್ಷೆಯನ್ನು ಎಲ್ಲರಿಗೂ ತೆರೆದಿಡುವುದಂತೂ ಸಲ್ಲದು. ಅವರು ವಿಳಾಸ ಕೊಟ್ಟದ್ದು ಪುಡಿ ತಲುಪಿಸಲಿಕ್ಕೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಆಶಯವೂ ಅದೇ. ನಕ್ಷೆಗೆ ಏರಿಸುವ ಮುನ್ನ ಹೆಸರು, ಫೋನಿನ ಕಾಲಂ ಅಳಿಸಿದ ಬೇರೊಂದು ಪ್ರತಿ ಮಾಡಿಕೊಳ್ಳಿ.

ತಿದ್ದಿದ ಹಾಳೆಯಿಂದ ಮಾಡಿದ ಹೊಸ ನಕ್ಷೆಯಲ್ಲಿ ಕಬ್ಬನ್ ಪಾರ್ಕಿನ ಕೆಂಡ ಆರಿದೆ. ಈಗ ಕೆಂಪು ಕಾಣುವುದು ಎರಡು ಕಡೆ: ಮಲ್ಲೇಶ್ವರದ ಸುತ್ತ, ಬಸವನಗುಡಿ-ಜಯನಗರದ ಸುತ್ತ. ಗಿರಾಕಿಗಳ ತಲೆ ಎಣಿಸಿದರೆ ಮಲ್ಲೇಶ್ವರ ಮುಂದು. ಕೊಂಡ ಕಿಲೋ ಎಣಿಸಿದರೆ ಜಯನಗರದ ಕಡೆ ಮುಂದು, ಅಲ್ಲಿ ಒಬ್ಬಿಬ್ಬರು ಹೋಟೆಲಿನವರು ಒಟ್ಟಿಗೆ ತರಿಸುತ್ತಾರೆ. ಹೋಟೆಲಿನವರು ಮಳಿಗೆಗೆ ನಡೆದು ಬರುತ್ತಾರೆಯೇ ಎಂಬುದನ್ನು ನಕ್ಷೆ ಹೇಳುವುದಿಲ್ಲ. ಹೆಸರಿಲ್ಲದ ಎರಡೂ ನಕ್ಷೆಗಳನ್ನು ಕಚೇರಿಯ ಗೋಡೆಗೆ ಹಚ್ಚಿದ್ದೇವೆ. ಮುಂದಿನ ಸಭೆಗೆ ಮುಂಚೆ ನೋಡಿ, ಅಭಿಪ್ರಾಯವನ್ನು ಬರಹದಲ್ಲಿ ಕೊಡಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ