ಶೇಷಪರ್ವತ, ಕುಮಾರಪರ್ವತ: ಒಂದೇ ಹಗಲಿನಲ್ಲಿ

ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟು ಶೇಷಪರ್ವತವನ್ನೂ ಅದರಾಚೆಯ ಕುಮಾರಪರ್ವತವನ್ನೂ ಏರಿ ಅದೇ ಸಂಜೆ ಮರಳಬಹುದೇ ಎಂದು ತಾವು ಕೇಳಿರುವಿರಿ. ದೃಢಕಾಯರಿಗೆ ಅದು ಅಸಾಧ್ಯವಲ್ಲ. ಆದರೆ 1712 ಮೀಟರು ಎತ್ತರದ ಕುಮಾರಪರ್ವತವನ್ನು ಘಟ್ಟದ ಬುಡದಿಂದಲೇ ಏರಬೇಕಾಗಿರುವುದರಿಂದ, ಒಂದೂವರೆ ಸಾವಿರ ಮೀಟರಿಗೂ ಮಿಕ್ಕ ಆರೋಹಣವನ್ನೂ ಅಷ್ಟೇ ಅವರೋಹಣವನ್ನೂ ಮೊಣಕಾಲುಗಳು ತಾಳಿಕೊಳ್ಳಬಲ್ಲವೆಂಬ ನೆಚ್ಚಿಕೆ ಮೊದಲು ತಮಗಿರಬೇಕು. ಅರಣ್ಯ ಇಲಾಖೆಯ ಅನುಮತಿಯನ್ನು ಮುಂಗಡವಾಗಿ ಪಡೆಯಿರಿ. ದಾರಿಯಲ್ಲಿ ಸಿಗುವ ಗಿರಿಗದ್ದೆಯ ಭಟ್ಟರ ಮನೆಯವರೆಗಿನ ಕಾಡಿನ ನೆರಳನ್ನು ಕಂಡು ಮೋಸಹೋಗಬಾರದು: ಅಲ್ಲಿಂದಾಚೆ ಬಿಸಿಲಿಗೆ ಬೆನ್ನೊಡ್ಡಿದ ಹುಲ್ಲುಗಾವಲೇ ಬಹುದೂರ ಹಬ್ಬಿರುವುದರಿಂದ ನೀರನ್ನು ಭಟ್ಟರ ಮನೆಯಲ್ಲಿಯೇ ತುಂಬಿಕೊಳ್ಳುವುದು ವಿಹಿತ, ಮುಂದೆ ಸಿಗುವ ಕಲ್ಲುಮಂಟಪದ ಬಳಿಯ ನೀರು ಬೇಸಗೆಯಲ್ಲಿ ನಂಬತಕ್ಕುದಲ್ಲ.

ನನ್ನನ್ನು ಹೆಚ್ಚು ಕಳವಳಗೊಳಿಸುವುದು ಎರಡು ಶಿಖರಗಳ ನಡುವಣ ಎಡೆ. ಶೇಷಪರ್ವತವನ್ನು ಮುಟ್ಟಿದವರು ಗುರಿ ಸೇರಿದೆವೆಂದೇ ಭ್ರಮಿಸುವರು. ಆದರೆ ದಾರಿ ಅಲ್ಲಿಂದ ಶೋಲಾ ಕಾಡಿನೊಳಕ್ಕಿಳಿದು ಮತ್ತೆ ಕಡಿದಾದ ಬಂಡೆಯ ಮೇಲೆ ಏರುವುದು. ಆ ಬಂಡೆ ತೇವಗೊಂಡಿದ್ದರೆ, ಅಥವಾ ಮಂಜು ಕವಿದು ದಾರಿ ಮರೆಯಾದರೆ, ಶೇಷಪರ್ವತದಿಂದಲೇ ಹಿಂದಿರುಗಬೇಕೆಂದು ತಮ್ಮನ್ನು ಕೈಮುಗಿದು ಬೇಡುತ್ತೇನೆ. ನಡುಹಗಲು ಕಳೆದ ಮೇಲೆ ಮುಂದುವರಿಯುವುದೂ ಸಲ್ಲದು. ಏಕೆಂದರೆ ಕೆಳಗಿನ ಕಾಡಿನಲ್ಲಿ ಬೇಗನೆ ಕತ್ತಲಾಗುವುದು, ಬೇರುಗಳು ಹೆಣೆದುಕೊಂಡ ಆ ಇಳಿಜಾರಿನಲ್ಲಿ ದಣಿದ ಕಾಲು ಜಾರುವುದು ಸುಲಭ. ಪ್ರತಿಯೊಬ್ಬರ ಬಳಿಯೂ ಟಾರ್ಚು ಇರಲಿ.